ಅಕ್ಕನ ನಡಿಗೆಯ ವೇಗ

ನೆಲ ಇನ್ನು ಮೂವತ್ತೇ ಅಡಿ ಕೆಳಗಿತ್ತು. ಅಷ್ಟರಲ್ಲಿ ದಾನೇಶ್ವರಿಯ ಬಲಗೈ ತಾನೇ ತಾನಾಗಿ ಪಕ್ಕಕ್ಕೆ ಸರಿದು, ಮುಟ್ಟಬಾರದ ನೀಲಿ ಹಿಡಿಕೆಯ ಮೇಲೆ ಕೂತಿತು. ಅದನ್ನು ಗೇಣುದ್ದ ಎಳೆದರೆ ಸಾಕು, ನೌಕೆಯ ಹೊಟ್ಟೆಯಲ್ಲಿದ್ದ ಭಾರದ ನೀರೆಲ್ಲ ಸುರಿದುಹೋಗಿ, ಹಗುರಾದ ನೌಕೆ ಮತ್ತೆ ಆಕಾಶಕ್ಕೆ ನೆಗೆಯುತ್ತಿತ್ತು. ಆ ಗಳಿಗೆಗೆ ಸರಿಯಾಗಿ ಅವಳ ಕಿವಿಯ ಹಿಂದೆ ಅಂಟಿಕೊಂಡಿದ್ದ, ತೊಗರಿಬೇಳೆಯಷ್ಟು ಸಣ್ಣದೊಂದು ಉಪಕರಣ ತಣ್ಣಗೆ ಮಿಡಿಯಿತು. ಕೈ ನಿಂತಿತು. ಬೆರಳುಗಳು ಒಂದೊಂದಾಗಿ ಸಡಿಲಾದವು. ಇನ್ನಾರದೋ ಕೈಯನ್ನು ನೋಡುವಂತೆ ಅವಳು ತನ್ನ ಕೈಯನ್ನು ನೋಡುತ್ತಿದ್ದಾಗಲೇ ನೌಕೆ ತೊಟ್ಟಿಲಿನಂತೆ ತೂಗುತ್ತ ಇಳಿದು ನೆಲ ಮುಟ್ಟಿತು.

ಅದು ನಿಜವಾದ ನೌಕೆಯಲ್ಲ. ಧಾರವಾಡದ ನರವಿಜ್ಞಾನ ಪ್ರಯೋಗಾಲಯದ ಒಂದು ಕೋಣೆಯಲ್ಲಿ ಕಟ್ಟಿ ನಿಲ್ಲಿಸಿದ ಅಣಕು ನೌಕೆ. ಆದರೂ ದಾನೇಶ್ವರಿಯ ಕುಪ್ಪಸ ಬೆವರಿನಿಂದ ಬೆನ್ನಿಗೆ ಅಂಟಿತ್ತು.

"ಇಳಿದ್ರಿ ನೋಡ್ರಿ," ಎಂದರು ಬಾಗಿಲಲ್ಲಿ ನಿಂತಿದ್ದ ಡಾ. ಮುಬೀನಾ ಹುಲಗೂರ.

"ನಾ ಇಳಿಸಲಿಲ್ರಿ ಮೇಡಂ. ಈ ಕಾಳು ಇಳಿಸ್ತು," ಎಂದು ದಾನೇಶ್ವರಿ ಕಿವಿಯ ಹಿಂದೆ ಮುಟ್ಟಿಕೊಂಡಳು. ಉಪಕರಣದ ಹೆಸರು 'ಹಿನ್ನೆಳೆತ ಶಾಮಕ'. ಚಿಕಿತ್ಸೆಗೆ ಬಂದವರೆಲ್ಲ ಅದನ್ನು ಕಾಳು ಎಂದೇ ಕರೆಯುತ್ತಿದ್ದರು.

ದಾನೇಶ್ವರಿ ಗದಗದ ಗಾಳಿಯಂತ್ರಗಳ ಮೆಕ್ಯಾನಿಕ್. ಕಪ್ಪತಗುಡ್ಡದ ಸುತ್ತಲಿನ ನಾನೂರು ಅಡಿ ಎತ್ತರದ ಕಂಬಗಳನ್ನು ಹತ್ತಿ, ರೆಕ್ಕೆಗಳ ಬುಡದಲ್ಲಿ ಕೂತು ನಟ್ಟು ಬಿಗಿಯುವುದು ಅವಳ ಹದಿನಾಲ್ಕು ವರ್ಷಗಳ ಕೆಲಸ. ಅಲ್ಲಿ ಕೂತು ತಲೆಯೆತ್ತಿದಾಗಲೆಲ್ಲ ಮೇಲ್ಗಾಳಿ ನೌಕೆಗಳು ಕಾಣುತ್ತಿದ್ದವು. ಹವಾಮಾನದ ಉಪಕರಣಗಳನ್ನು ಹೊತ್ತು, ಮೋಡಗಳನ್ನು ದಾಟಿ, ಎಪ್ಪತ್ತು ಸಾವಿರ ಅಡಿ ಎತ್ತರದಲ್ಲಿ ತೇಲುವ ಆ ಬೆಳ್ಳಿಯ ಬಲೂನು ಹಡಗುಗಳಲ್ಲಿ ಒಂದನ್ನು ತಾನು ನಡೆಸಬೇಕೆನ್ನುವುದು ಅವಳ ಆಸೆ. ಲಿಖಿತ ಪರೀಕ್ಷೆಯಲ್ಲಿ ಎರಡು ಸಲವೂ ಮೊದಲ ಹತ್ತರಲ್ಲಿ ಬಂದಿದ್ದಳು. ಹಾರಾಟದ ಪರೀಕ್ಷೆಯಲ್ಲಿ ಎರಡು ಸಲವೂ ಇಳಿಯುವ ಕೊನೆಯ ಗಳಿಗೆಯಲ್ಲಿ ಆ ನೀಲಿ ಹಿಡಿಕೆಯನ್ನೇ ಎಳೆದಿದ್ದಳು. ಯಾಕೆ ಎಳೆದೆನೆಂಬುದು ಅವಳಿಗೇ ಗೊತ್ತಿರಲಿಲ್ಲ. ಮೂವತ್ತೈದು ತುಂಬಿದ ಮೇಲೆ ಪರೀಕ್ಷೆಗೆ ಕೂಡುವಂತಿಲ್ಲ. ಈಗ ಮೂವತ್ತನಾಲ್ಕು. ಉಳಿದದ್ದು ಒಂದೇ ಅವಕಾಶ, ನಾಲ್ಕು ತಿಂಗಳು ಸಮಯ.

"ನಿಮ್ಮ ಗಾಳಿಯಂತ್ರಕ್ಕ ಬ್ರೇಕ್ ಇರ್ತದಲ್ಲ?" ಎಂದು ಮುಬೀನಾ ಮೊದಲ ದಿನವೇ ಕೇಳಿದ್ದರು.

"ಇರ್ತದ್ರಿ. ಬಿರುಗಾಳಿ ಬೀಸಿದ್ರ ತಾನ ಹಿಡೀತದ. ಇಲ್ಲಾಂದ್ರ ರೆಕ್ಕಿ ಮುರದು ಹೋಗ್ತಾವು."

"ಬಿರುಗಾಳಿ ಇಲ್ದಾಗೂ ಹಿಡದ್ರ?"

"ಯಂತ್ರ ತಿರಗೂದಿಲ್ರಿ. ಬ್ರೇಕ್ ಕೆಟ್ಟೈತಿ ಅಂತ ನಾವು ಮ್ಯಾಲ ಹತ್ತಬೇಕು."

"ನಾನೂ ಹಂಗ ಮ್ಯಾಲ ಹತ್ತಿ ನೋಡೋ ಕೆಲಸಾನ ಮಾಡ್ತೀನಿ," ಎಂದು ಮುಬೀನಾ ನಕ್ಕಿದ್ದರು.

ಅವರು ವಿವರಿಸಿದ್ದು ಇಷ್ಟು. ಮನುಷ್ಯ ತನಗೆ ಬೇಕಾದದ್ದರ ಹತ್ತಿರ ಬಂದಾಗ, ಕೆಲವರ ಮೆದುಳಿನಲ್ಲಿ ನಿರ್ಧಾರಕ್ಕೆ ಒಂದೂವರೆ ಸೆಕೆಂಡು ಮೊದಲೇ ನರಕೋಶಗಳ ಒಂದು ನಿರ್ದಿಷ್ಟ ಗುಂಪು ಮಿನುಗುತ್ತದೆ. ಇದೇ ಹಿನ್ನೆಳೆತ. ಸಂದರ್ಶನದ ದಿನ ತಡವಾಗಿ ಏಳುವವರು, ಬರೆದು ಮುಗಿಸಿದ ಅರ್ಜಿಯನ್ನು ಕಳಿಸದೆ ಬಿಡುವವರು, ಗೆಲ್ಲುವ ಆಟದಲ್ಲಿ ಕೈಚೆಲ್ಲುವವರು, ಎಲ್ಲರಲ್ಲೂ ಕಾಣುವುದು ಇದೇ ವಿನ್ಯಾಸ. ಕಾಳು ಅದನ್ನು ಗುರುತಿಸಿ, ಕೆಲಸ ಕೆಡಿಸುವ ಮೊದಲೇ ತಣಿಸುತ್ತದೆ. ಹಿನ್ನೆಳೆತದ ಮೂಲ ಭಯ ಎಂಬುದು ಎಲ್ಲ ವಿಜ್ಞಾನಿಗಳ ನಂಬಿಕೆಯಾಗಿತ್ತು.

ಅಂದು ಮುಬೀನಾ ಕೋಣೆಯ ದೀಪವಾರಿಸಿ, ಅಣಕು ನೌಕೆಯಲ್ಲಿ ಆಗತಾನೆ ಮೂಡಿದ ವಿನ್ಯಾಸವನ್ನು ಗಾಳಿಯಲ್ಲಿ ತೇಲುವ ಬೆಳಕಾಗಿ ತೋರಿಸಿದರು. ದಾನೇಶ್ವರಿ ಬಾಯಿ ತೆರೆದು ನಿಂತಳು. ಕತ್ತಲ ತುಂಬ ಲಕ್ಷಾಂತರ ಕಿಡಿಗಳು. ಮಳೆ ಬಂದ ಮರುದಿನ ಎರೆಹೊಲದ ಸಣ್ಣ ಕಾಲುವೆಗಳೆಲ್ಲ ಹರಿದು ಹಳ್ಳ ಸೇರುವಂತೆ, ಕಿಡಿಗಳ ಸಾಲುಗಳು ಎಲ್ಲೆಲ್ಲಿಂದಲೋ ಹೊರಟು ಒಂದೇ ಜಾಗಕ್ಕೆ ಹರಿಯುತ್ತಿದ್ದವು.

"ಇದೆಲ್ಲಾ ನನ್ನ ತಲ್ಯಾಗ ಐತೇನ್ರಿ?" ಎಂದಳು ಪಿಸುದನಿಯಲ್ಲಿ.

"ಅದ. ಹನ್ನೊಂದು ವರ್ಷಾತು, ದಿನಾ ನೋಡ್ತೀನಿ. ಇನ್ನೂ ನಂಗ ಮೈ ಜುಮ್ಮಂತದ."

ತಿಂಗಳ ಮಟ್ಟಿಗೆ ಕಾಳನ್ನು ಹಗಲಿಡೀ ಧರಿಸಿರಬೇಕೆಂದು ಹೇಳಿ ಕಳಿಸಿದರು.

ದಾನೇಶ್ವರಿಯ ಬದುಕು ಸರಾಗವಾಯಿತು. ವರ್ಷಗಟ್ಟಲೆ ಮುಂದೂಡಿದ್ದ ಪಾಠಗಳನ್ನು ಓದಿ ಮುಗಿಸಿದಳು. ಮೇಲಧಿಕಾರಿಯ ಎದುರು ನಿಂತು, ಪರೀಕ್ಷೆಯ ತಯಾರಿಗೆ ವಾರಕ್ಕೆರಡು ದಿನ ರಜೆ ಬೇಕೆಂದು ಮೊದಲ ಸಲ ಕೇಳಿದಳು. ಸಿಕ್ಕಿತು. ಅಣಕು ನೌಕೆಯಲ್ಲಿ ಹನ್ನೆರಡು ಸಲ ಇಳಿದಳು, ಹನ್ನೆರಡು ಸಲವೂ ಸರಿಯಾಗಿ.

ಅವಳ ಮನೆ ಬೆಟಗೇರಿಯಲ್ಲಿ. ಜೊತೆಗಿರುವವಳು ನಾಲ್ಕು ವರ್ಷ ದೊಡ್ಡವಳಾದ ಅಕ್ಕ ಸುವರ್ಣಾ, ಪ್ರಾಥಮಿಕ ಶಾಲೆಯ ಶಿಕ್ಷಕಿ. ಚಿಕ್ಕಂದಿನಲ್ಲಿ ಮಾಳಿಗೆಯಿಂದ ಬಿದ್ದು ಮುರಿದಿದ್ದ ಸುವರ್ಣಾಳ ಎಡಗಾಲು ಸೊಟ್ಟಗೆ ಕೂಡಿಕೊಂಡಿತ್ತು. ದಿನಾ ಬೆಳಿಗ್ಗೆ ಅಕ್ಕತಂಗಿಯರು ಜೊತೆಯಾಗಿ ಹೊರಡುತ್ತಿದ್ದರು. ಅಕ್ಕನ ಶಾಲೆಯವರೆಗೆ ಅರ್ಧ ಮೈಲಿ ನಡಿಗೆ. ಕಂಪನಿಯ ಗಾಡಿ ಬರುತ್ತಿದ್ದುದೂ ಅಲ್ಲಿಗೇ. ದಾನೇಶ್ವರಿ ಒಂದನೇ ಇಯತ್ತೆಗೆ ಹೋಗುತ್ತಿದ್ದಾಗಿನಿಂದ ನಡೆದುಬಂದ ಪದ್ಧತಿ ಅದು.

ಕಾಳು ಧರಿಸಿದ ಹತ್ತೊಂಬತ್ತನೆಯ ದಿನ. ಗ್ಯಾಸ್ ಕವಾಟದ ಲೆಕ್ಕಾಚಾರವನ್ನು ಅಕ್ಕನಿಗೆ ವಿವರಿಸುತ್ತ ನಡೆದ ದಾನೇಶ್ವರಿ ಶಾಲೆಯ ಗೇಟು ಮುಟ್ಟಿ, "ತಿಳೀತೇನು?" ಎಂದು ತಿರುಗಿದಳು. ಪಕ್ಕದಲ್ಲಿ ಯಾರೂ ಇರಲಿಲ್ಲ. ರಸ್ತೆಯ ಆ ತುದಿಯಲ್ಲಿ, ಹಿಟ್ಟಿನ ಗಿರಣಿಯ ಕಟ್ಟೆಗೆ ಒರಗಿ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬುತ್ತಿಚೀಲ ಹಿಡಿದ ಅಕ್ಕ ಏದುಸಿರು ಬಿಡುತ್ತ ನಿಂತಿದ್ದಳು.

ದಾನೇಶ್ವರಿ ಓಡಿದಳು.

"ಅಕ್ಕಾ, ಕರೀಬಾರದಾ?"

"ಮೂರು ಸಲ ಕರದೆ," ಎಂದು ಸುವರ್ಣಾ ನಕ್ಕಳು. ಆಮೇಲೆ, "ನಿನ್ನೀನೂ ಹಿಂಗ ಹೋದಿ," ಎಂದಳು.

ಇಪ್ಪತ್ತೆಂಟು ವರ್ಷಗಳಲ್ಲಿ ಎಂದೂ ಹೀಗಾಗಿರಲಿಲ್ಲ. ದಾನೇಶ್ವರಿ ಅಂದು ಕೆಲಸಕ್ಕೆ ಹೋಗಲಿಲ್ಲ. ಸೀದಾ ಧಾರವಾಡದ ಬಸ್ಸು ಹತ್ತಿದಳು.

ಮುಬೀನಾ ಕಾಳಿನ ದಾಖಲೆಯನ್ನು ತೆರೆದರು. ಅದು ಎಂದು, ಎಲ್ಲಿ, ಎಷ್ಟು ಸಲ ಹಿನ್ನೆಳೆತವನ್ನು ತಣಿಸಿತ್ತು ಎಂಬುದೆಲ್ಲ ಅದರಲ್ಲಿತ್ತು. ಅಣಕು ನೌಕೆಯಲ್ಲಿ ಹದಿಮೂರು ಸಲ. ಬೆಟಗೇರಿಯ ಆ ಅರ್ಧ ಮೈಲಿ ರಸ್ತೆಯಲ್ಲಿ ನಾನೂರಕ್ಕೂ ಹೆಚ್ಚು.

ಮುಬೀನಾ ಎರಡೂ ಕಡೆಯ ವಿನ್ಯಾಸಗಳನ್ನು ಅಕ್ಕಪಕ್ಕದಲ್ಲಿ ತೇಲಿಬಿಟ್ಟರು. ಒಂದು, ದಾನೇಶ್ವರಿ ನೀಲಿ ಹಿಡಿಕೆಯತ್ತ ಕೈಚಾಚಿದಾಗಿನದು. ಇನ್ನೊಂದು, ಅಕ್ಕನಿಗಾಗಿ ಹೆಜ್ಜೆ ನಿಧಾನಿಸಬೇಕಾಗಿದ್ದಾಗಿನದು. ಎರಡನ್ನೂ ಒಂದರ ಮೇಲೊಂದು ಸರಿಸಿದರು. ಕಾಲುವೆಗೆ ಕಾಲುವೆ, ಕಿಡಿಗೆ ಕಿಡಿ ಕೂಡಿಕೊಂಡವು. ಒಂದೂ ಹೊರಗುಳಿಯಲಿಲ್ಲ.

ದಾನೇಶ್ವರಿ ಎದ್ದು ಆ ಕಿಡಿಗಳ ಹತ್ತಿರ ಹೋದಳು.

"ನಾ ಸೋತಿದ್ದು ಹೆದರಿ ಅಲ್ಲೇನ್ರಿ ಹಂಗಾರ?"

"ಹೆದರಿಕಿ ಇದ್ರ ಅದರ ಗುರುತು ಇಲ್ಲಿರಬೇಕಿತ್ತು. ಇಲ್ಲ." ಮುಬೀನಾ ಕಿಡಿಗಳ ಒಂದು ಸಾಲನ್ನು ಬೆರಳಿನಿಂದ ತೋರಿಸಿದರು. "ಆರು ವರ್ಷದ ಹುಡುಗಿ ಇದ್ದಾಗ ನೀವು ಅಕ್ಕನ ಸಲುವಾಗಿ ಹೆಜ್ಜಿ ಸಣ್ಣ ಮಾಡಿದ್ರಿ. ಮೆದುಳು ಅದನ್ನ ಕಲ್ತುಬಿಡ್ತು. ತಮ್ಮವರನ್ನ ದಾಟಿ ಹೋಗೋ ಹೊತ್ತು ಬಂದ್ರ ಸಾಕು, ಅದ ಬ್ರೇಕ್ ಹಿಡೀತದ. ರಸ್ತೆ ಯಾವುದು, ಆಕಾಶ ಯಾವುದು, ಅದಕ್ಕೇನು ಗೊತ್ತು?"

ಆ ವಾರವೆಲ್ಲ ಮುಬೀನಾ ಹಳೆಯ ದಾಖಲೆಗಳನ್ನು ಜಾಲಾಡಿದರು. ಹಿಂದೆ ಕಾಳು ಧರಿಸಿದ್ದ ಆರುನೂರು ಜನರ ಪೈಕಿ ನಾನೂರ ಹನ್ನೆರಡು ಮಂದಿಯಲ್ಲಿ ಅದೇ ಕಥೆ. ಬಡ್ತಿಯ ಸಂದರ್ಶನದಲ್ಲಿ ಮಾತು ಮರೆಯುತ್ತಿದ್ದ ಒಬ್ಬ, ತೊದಲುವ ತಮ್ಮನ ಜೊತೆ ಬೆಳೆದವನು. ಓಟದ ಕೊನೆಯ ಸುತ್ತಿನಲ್ಲಿ ಸೋಲುತ್ತಿದ್ದವಳು, ಕಣ್ಣು ಮಂಜಾದ ಅಜ್ಜಿಯ ಕೈಹಿಡಿದು ನಡೆದವಳು. ಹನ್ನೊಂದು ವರ್ಷ ತಾವು ರೋಗವೆಂದು ಬೇಟೆಯಾಡಿದ್ದು ಮನುಷ್ಯರು ಒಬ್ಬರಿಗಾಗಿ ಒಬ್ಬರು ನಿಲ್ಲುವ ಗುಣವನ್ನೇ ಎಂಬುದು ಮುಬೀನಾರ ಕಣ್ಣೆದುರು ಬಂತು.

"ಈಗೇನು ಮಾಡ್ಲಿ ಹೇಳ್ರಿ ಮೇಡಂ," ಎಂದಳು ಮತ್ತೆ ಬಂದಿದ್ದ ದಾನೇಶ್ವರಿ. "ಹಾಕ್ಕೊಂಡ್ರ ಅಕ್ಕನ್ನ ಬಿಟ್ಟು ಹೋಗ್ತೀನಿ. ತಗದ್ರ ನೌಕಿ ಬಿಟ್ಟು ಹೋಗ್ತದ."

"ನಂಗ ಗೊತ್ತಿಲ್ಲ," ಎಂದರು ಮುಬೀನಾ. ವಿಜ್ಞಾನಿಯ ಬಾಯಲ್ಲಿ ಆ ಮಾತು ಕೇಳಿ ದಾನೇಶ್ವರಿಗೆ ಯಾಕೋ ಧೈರ್ಯ ಬಂತು. ಕಾಳನ್ನು ಕಿತ್ತು ಮೇಜಿನ ಮೇಲಿಟ್ಟು ಊರಿಗೆ ಹೊರಟಳು.

ಸುವರ್ಣಾ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ದಾನೇಶ್ವರಿ ಹೊಸ್ತಿಲಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಯುವ ಹೊತ್ತಿಗೆ ಹಂಚಿನ ಮೇಲಿನ ರೊಟ್ಟಿ ಕರಕಾಗಿತ್ತು.

"ಅಂದ್ರ ನೀ ಸೋತಿದ್ದು ನನ್ನ ಸಲುವಾಗಿ?" ಸುವರ್ಣಾ ಹಿಟ್ಟಿನ ಕೈಯಲ್ಲೇ ತಿರುಗಿದಳು. "ನಿನ್ನ ಸೋಲು ತಂದು ನನ್ನ ಕಾಲಿಗೆ ಕಟ್ಟಬ್ಯಾಡ, ದಾನಿ. ಅದು ಮೊದಲ ಸೊಟ್ಟ ಐತಿ."

"ಹಂಗಲ್ಲಕ್ಕಾ..."

"ಮತ್ತ ಹೆಂಗ? ಅಷ್ಟು ಸಾವಕಾಶ ನಡಿ ಅಂತ ನಿನಗ ಹೇಳಿದವರ್ಯಾರು? ಮೊನ್ನಿ ಗಿರಣಿ ಕಟ್ಟಿಗೆ ಒರಗಿ ನಿಂತಿದ್ದು ನಿನ್ನ ಬೆನ್ನು ಹತ್ತಿ ಓಡಿದ್ದಕ್ಕ. ಓಡಾಕ ಆಗೂದಿಲ್ಲ, ಖರೆ. ಆದ್ರ ಕೋಲು ಹಿಡದು ನನ್ನ ಪಾಡಿಗೆ ನಾ ನಡದ್ರ, ದಿನಾ ನಾವು ಹೋಗೋ ಹೊತ್ತಿನ್ಯಾಗ ಎರಡು ಸಲ ಸಾಲಿ ಮುಟ್ಟತೀನಿ. ನಿನಗ ಕಂಬ ಹತ್ತಿ ಹತ್ತಿ ಮೊಣಕಾಲು ನೋಯ್ತಾವು, ಪಾಪ ಅಂತ ನಾ ಸಾವಕಾಶ ನಡಿಯಾಕತ್ತಿದ್ದೆ!"

ದಾನೇಶ್ವರಿ ಅಕ್ಕನನ್ನೇ ನೋಡಿದಳು. ಸುವರ್ಣಾಳೂ ತನ್ನ ಮಾತು ತನ್ನ ಕಿವಿಗೇ ಬಿದ್ದಂತಾಗಿ, ಲಟ್ಟಣಿಗೆಯಂತೆ ನೆಟ್ಟಗೆ ನಿಂತುಬಿಟ್ಟಳು. ಆಮೇಲೆ, "ಮುಂಡರಗಿ ಸಾಲಿಗೆ ಹೆಡ್ ಮೇಡಂ ಆಗಿ ಬಾ ಅಂತ ಎರಡು ಸಲ ಕರದಿದ್ರು," ಎಂದಳು. "ನಿನ್ನ ಒಬ್ಬಾಕಿನ್ನ ಬಿಟ್ಟು ಹೆಂಗ ಹೋಗ್ಲಿ ಅಂತ ಒಲ್ಲೆ ಅಂದೆ."

ಹಿಟ್ಟಿನ ಕೈಯ ಅಕ್ಕ, ಹೊಸ್ತಿಲ ಮೇಲಿನ ತಂಗಿ ಇಬ್ಬರೂ ಒಮ್ಮೆಲೇ ನಕ್ಕರು. ನಗುತ್ತ ನಗುತ್ತ ಯಾರು ಮೊದಲು ಅತ್ತರೆನ್ನುವುದು ಆಮೇಲೂ ತೀರ್ಮಾನವಾಗಲಿಲ್ಲ.

ಪ್ರಯೋಗಾಲಯದಲ್ಲಿ ನಡೆದದ್ದನ್ನು ಯಾರೂ ಊಹಿಸಿರಲಿಲ್ಲ. ಮುಬೀನಾ ಹಿನ್ನೆಳೆತ ತಣಿಸುವ ಕೆಲಸವನ್ನೇ ನಿಲ್ಲಿಸಿ, ಅದನ್ನು ತೋರಿಸುವುದಕ್ಕಷ್ಟೇ ಕಾಳನ್ನು ಬಳಸತೊಡಗಿದರು. ಹಣ ಹೂಡಿದ್ದವರು ಸಿಟ್ಟಾದರು. ಬಂದವರಿಗೆ ಮುಬೀನಾ ಹೇಳುತ್ತಿದ್ದುದು ಒಂದೇ: "ಮುಂದಿನ ಸಲ ಬರೂವಾಗ, ಯಾರ ಸಲುವಾಗಿ ನಿಲ್ತೀರೋ ಅವರನ್ನೂ ಕರ್ಕೊಂಡು ಬರ್ರಿ." ತಮ್ಮಂದಿರು ಬಂದರು, ಗೆಳೆಯರು ಬಂದರು, ಕೋಲೂರಿಕೊಂಡು ಅಜ್ಜಿಯೊಬ್ಬಳು ಬಂದಳು. ತೇಲುವ ಕಿಡಿಗಳ ಕೆಳಗೆ ಕೂತು ಅವರೆಲ್ಲ ಬಹುತೇಕ ಕೇಳಿದ್ದು ಒಂದೇ ಪ್ರಶ್ನೆ: ನನ್ನ ಸಲುವಾಗಿ ನಿಲ್ಲಾಕ ನಿನಗ ಹೇಳಿದವರ್ಯಾರು?

ಪರೀಕ್ಷೆಯ ದಿನ ದಾನೇಶ್ವರಿ ಕಾಳಿಲ್ಲದೆ ನೌಕೆ ಏರಿದಳು. ಹಿಂದೆ ಪರೀಕ್ಷಕ ಕರ್ನಲ್ ಬೋಪಯ್ಯ ಕೂತಿದ್ದರು. ನೆಲ ಕಳಚಿಕೊಂಡಿತು. ಗಾಳಿಯಂತ್ರಗಳು ಗುಂಡುಸೂಜಿಗಳಾದವು, ಕಪ್ಪತಗುಡ್ಡ ಮಡಿಚಿಟ್ಟ ಕಂಬಳಿಯಾಯಿತು. ಬಿಳಿಮೋಡಗಳನ್ನು ಸೀಳಿ, ಇನ್ನೂ ಮೇಲೆ, ಇನ್ನೂ ಮೇಲೆ. ನಡುಹಗಲ ಹನ್ನೆರಡು ಗಂಟೆಗೆ ಆಕಾಶ ಕಪ್ಪಾಯಿತು. ಸೂರ್ಯ ಒಂದು ಕಡೆ ಉರಿಯುತ್ತಿದ್ದ. ಉಳಿದೆಲ್ಲ ಕಾಡಿಗೆಯಂಥ ಕಪ್ಪು. ಅದರಡಿಯಲ್ಲಿ ಭೂಮಿ ಬಾಗಿತ್ತು. ಅಂಚಿನುದ್ದಕ್ಕೂ ಎಳೆಯ ನೀಲಿಯ ತೆಳುವಾದ ಗೆರೆ. ಪಡುವಣದಲ್ಲಿ ಸಮುದ್ರ ಹೊಳೆಯಿತು. ಬಾಲ್ಯದಿಂದ ತಾನು ಉಸಿರಾಡಿದ ಗಾಳಿಯೆಲ್ಲ ಆ ಒಂದು ಗೆರೆಯೊಳಗಿತ್ತೆಂದು ಹೊಳೆದಾಗ ದಾನೇಶ್ವರಿಗೆ ಕೈಮುಗಿಯಬೇಕೆನ್ನಿಸಿತು. ಎರಡೂ ಕೈ ಹಿಡಿಕೆಗಳ ಮೇಲಿದ್ದವು. ಮನಸ್ಸಿನಲ್ಲೇ ಮುಗಿದಳು.

ಇಳಿಯುವಾಗ ಅದು ಬಂತು. ನೆಲ ಮೂವತ್ತು ಅಡಿ ದೂರದಲ್ಲಿದ್ದಾಗ ಬಲಗೈ ನೀಲಿ ಹಿಡಿಕೆಯತ್ತ ಸರಿಯಿತು. ತಡೆಯಲು ಕಿವಿಯ ಹಿಂದೆ ಏನೂ ಇರಲಿಲ್ಲ. ಅವಳು ಕೈಯನ್ನು ಬೈಯಲಿಲ್ಲ, ಹೆದರಲೂ ಇಲ್ಲ. "ಅಕ್ಕ ಆಗಲೇ ಮುಂಡರಗಿಗೆ ಹೋದ್ಲು," ಎಂದು ಅದಕ್ಕೆ ಮೆಲ್ಲಗೆ ಹೇಳಿದಳು. "ನಾವೂ ಹೋಗೂಣು." ಕೈ ಒಂದು ಕ್ಷಣ ಯೋಚಿಸಿದಂತೆ ತಡೆದು, ತನ್ನ ಜಾಗಕ್ಕೆ ಮರಳಿತು. ನೌಕೆ ನೆಲ ಮುಟ್ಟಿತು.

"ಯಾರ ಹತ್ತಿರ ಮಾತಾಡಿದಿರಿ?" ಎಂದು ಕರ್ನಲ್ ಕೇಳಿದರು.

"ಮನಿಯವರ ಜೋಡಿ ಸರ್."

ಕರ್ನಲ್ ಹುಬ್ಬೇರಿಸಿ, ಹಾಳೆಯ ಮೇಲೆ ಸಹಿ ಹಾಕಿದರು.

ಮೈದಾನದಲ್ಲಿ ನಿಂತು ದಾನೇಶ್ವರಿ ಮುಂಡರಗಿಯ ಶಾಲೆಗೆ ಫೋನು ಹಚ್ಚಿದಳು.

"ಇಳದ್ಯಾ?" ಎಂದಿತು ಅಕ್ಕನ ದನಿ.

"ಇಳದೆ."

"ಪಾಸಾ?"

"ಪಾಸು. ಅಕ್ಕಾ, ಮ್ಯಾಲ ಏನೇನು ಕಂಡೆ ಗೊತ್ತೇನು, ಹಾಡಹಗಲ..."

"ಛಲೋ ಆತವಾ, ಭಾಳ ಛಲೋ ಆತು. ಸಂಜೀಕ ಎಲ್ಲಾ ಕೇಳ್ತೀನಿ. ಈಗ ನಂಗ ಪುರಸೊತ್ತಿಲ್ಲ, ಐದನೇತ್ತೆ ಹುಡುಗ್ರು ಕಾಯಾಕತ್ತಾವು," ಎಂದು ಸುವರ್ಣಾ ಫೋನಿಟ್ಟಳು.