ಅವನು ಓದದೇ ಹೊಗಳಿದ ಕಾದಂಬರಿ

"ಬಾಗಿಲು ತೆಗೀರಿ! ಮೊದಲು ಬಾಗಿಲು ತೆಗೀರಿ!"

ಅವಳು ಕೂಗಿದ ರಭಸಕ್ಕೆ ಅವನ ಕೈಯಲ್ಲಿದ್ದ ಪುಸ್ತಕಗಳೆಲ್ಲ ದಬದಬನೆ ನೆಲಕ್ಕೆ ಬಿದ್ದವು.

ಅವನು ಗ್ರಂಥಾಲಯದ ಕೌಂಟರಿಗೆ ಹೊಸಬ. ಹರಿದ ಪುಸ್ತಕಗಳನ್ನು ಹೊತ್ತು ಬೈಂಡಿಂಗ್ ಕೋಣೆಗೆ ಬಂದಿದ್ದ. ಗಾಳಿಗೆ ಹಾಳೆಗಳು ಹಾರುತ್ತಿವೆಯಲ್ಲ ಎಂದು ಪಾಪ, ಉಪಕಾರ ಮಾಡುವವನಂತೆ ಬಾಗಿಲು ಮುಚ್ಚಿ ಚಿಲಕ ಹಾಕಿದ್ದ. ಬೈಂಡಿಂಗ್ ಮಾಡುವವಳು ಗೋಡೆಗೆ ಒರಗಿ ಗಡಗಡ ನಡುಗುತ್ತಿದ್ದಳು.

ಅವನು ತಕ್ಷಣ ಚಿಲಕ ತೆಗೆದ. "ತಪ್ಪಾಯ್ತು... ಗೊತ್ತಿರಲಿಲ್ಲ," ಎಂದ. ಯಾಕೆ, ಏನು ಎಂದು ಒಂದು ಮಾತೂ ಕೇಳಲಿಲ್ಲ.

ಮರುದಿನ ಅವಳು ಬರುವಷ್ಟರಲ್ಲಿ ಆ ಬಾಗಿಲಿಗೆ ಎರಡು ಹಳೆಯ ನಿಘಂಟುಗಳು ಒತ್ತಾಗಿ ನಿಂತಿದ್ದವು. ಇನ್ನು ಎಂಥ ಗಾಳಿ ಬೀಸಿದರೂ ಅದು ಮುಚ್ಚಿಕೊಳ್ಳುವಂತಿರಲಿಲ್ಲ. ಅವಳಿಗೆ ಬಹಳ ದಿನಗಳ ಮೇಲೆ ನಗು ಬಂತು.

ನಾಲ್ಕು ವರ್ಷಗಳ ಹಿಂದೆ ಅವಳಿಗೆ ನಿಶ್ಚಿತಾರ್ಥವಾಗಿತ್ತು. ಜೊತೆಯಲ್ಲಿ ಕೆಲಸ ಮಾಡುವವನೊಬ್ಬನ ಹತ್ತಿರ ನಗುತ್ತಾ ಮಾತಾಡಿದಳೆಂದು ಆ ಗಂಡು ಅವಳನ್ನು ಒಂದಿಡೀ ಮಧ್ಯಾಹ್ನ ಕೋಣೆಯಲ್ಲಿ ಕೂಡಿಹಾಕಿದ್ದ. 'ಪ್ರೀತಿ ಜಾಸ್ತಿಯಾದ್ರೆ ಹೀಗೇ' ಎಂದು ಹೊರಗಿನಿಂದ ಹೇಳಿದ್ದ. ಅಕ್ಕ ಬಂದು ಜಗಳವಾಡಿ ಬಿಡಿಸಿಕೊಂಡು ಹೋಗಿದ್ದಳು. ಆ ಸಂಬಂಧ ಅಲ್ಲಿಗೇ ಮುಗಿಯಿತು. ಭಯ ಮಾತ್ರ ಮುಗಿದಿರಲಿಲ್ಲ.

ಎಂಟು ತಿಂಗಳು ಕಳೆದವು. ನಾಲ್ಕು ಗಂಟೆಯ ಚಹಾ ಇಬ್ಬರಿಗೂ ಅಭ್ಯಾಸವಾಯಿತು. ಒಂದು ಶನಿವಾರ ಅವನು ಲೋಟ ಕೆಳಗಿಟ್ಟು, ಕಿವಿ ಕೆಂಪಾಗಿಸಿಕೊಂಡು ಹೇಳಿಯೇಬಿಟ್ಟ.

"ನಿಮ್ಮನ್ನ ಮದುವೆ ಆಗ್ಬೇಕು ಅಂತ ಆಸೆ. ಯೋಚ್ನೆ ಮಾಡಿ ಹೇಳಿ."

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೂ ಅಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು! ಗಾಬರಿಯಲ್ಲಿ ಅವನು ಚೀಲದಿಂದ ಒಂದು ಕಾದಂಬರಿ ತೆಗೆದು ಅವಳ ಕೈಗೆ ತುರುಕಿದ. ಕೌಂಟರಿನಲ್ಲಿ ನಲವತ್ತು ಜನ ಹೆಸರು ಬರೆಸಿ ಕಾಯುತ್ತಿದ್ದ ಕಾದಂಬರಿ ಅದು.

"ಇದು ನನ್ನ ಸ್ವಂತದ್ದು. ಮೂರು ಸಲ ಓದಿದೀನಿ. ಪ್ರೀತಿ ಅಂದ್ರೆ ಹೀಗಿರ್ಬೇಕು!"

ಭಾನುವಾರ ಅವಳು ಆಸೆಯಿಂದಲೇ ಓದಲು ಕೂತಳು. ಕತ್ತಲೆಯ ಪ್ರೇಮಕಥೆ ಎಂದು ಎಲ್ಲರೂ ಹೇಳುತ್ತಿದ್ದರು. ಕತ್ತಲೆ ಅವಳಿಗೆ ಬೇಡವೆಂದೇನಿರಲಿಲ್ಲ. ಅದರೊಳಗೆ ಸಿಕ್ಕಿಬಿದ್ದವಳ ಪಾಡನ್ನು ಯಾರಾದರೂ ಸರಿಯಾಗಿ ಬರೆದಿದ್ದರೆ ತನ್ನ ಎದೆ ಸ್ವಲ್ಪ ಹಗುರವಾದೀತು ಎಂದುಕೊಂಡಿದ್ದಳು.

ನಾಯಕ ನಾಯಕಿಯನ್ನು ಕೂಡಿಹಾಕಿದ. ಅವಳು ಬೇಡವೆಂದಳು, ಅವನು ಮುಗುಳ್ನಕ್ಕ. ಮತ್ತೆ ಬೇಡವೆಂದಳು, ಅವನಿಗೆ ಹೂಂ ಎಂದು ಕೇಳಿಸಿತು. ಭಯವಾದಾಗ ಬಾಯಿ ಒಣಗುತ್ತದೆ, ಅಂಗೈ ತಣ್ಣಗಾಗುತ್ತದೆ... ಬರೆದವರಿಗೆ ಅದೇ ಗೊತ್ತಿಲ್ಲ! ಅವರ ನಾಯಕಿಗೆ ಭಯವಾದಾಗಲೆಲ್ಲ ಕೆನ್ನೆ ಕೆಂಪಾಗುತ್ತಿತ್ತು.

ಕೊನೆಯ ಅಧ್ಯಾಯ ಬಾಕಿಯಿರುವಾಗಲೇ ಅವಳು ಪುಸ್ತಕ ಮುಚ್ಚಿಟ್ಟಳು.

'ಇದನ್ನಾ ಅವರು ಮೂರು ಸಲ ಓದಿದ್ದು? ಪ್ರೀತಿ ಅಂದ್ರೆ ಹೀಗಿರ್ಬೇಕಾ?'

ಸೋಮವಾರ ಅವಳು ಅವನ ಮುಖ ನೋಡದೆ ಹೇಳಿದಳು. "ನನ್ನ ಉತ್ತರ... ಬೇಡ ಅಂತ."

ಅವನ ಮುಖ ಬಿಳಿಚಿಕೊಂಡಿತು.

"ಆಯ್ತು," ಎಂದ. "ಹರಿದ ಪುಸ್ತಕಗಳನ್ನ ನಾನೇ ತರ್ಲಾ, ಬೇರೆಯವ್ರ ಕೈಲಿ ಕಳಿಸ್ಲಾ?"

"ಬೇರೆಯವ್ರ ಕೈಲಿ."

"ಸರಿ."

ಹತ್ತು ದಿನಗಳಾದರೂ ಅವನು ಆ ಕೋಣೆಯ ಕಡೆ ಸುಳಿಯಲಿಲ್ಲ. ಮನೆಯಲ್ಲಿ ಅಕ್ಕ ಪೊಲೀಸರಂತೆ ವಿಚಾರಣೆಗೆ ಕೂತಳು.

"ಫೋನ್ ಮಾಡಿದ್ನಾ?"

"ಇಲ್ಲ."

"ದಾರೀಲಿ ಅಡ್ಡ ಹಾಕಿದ್ನಾ?"

"ಇಲ್ಲ ಕಣೇ ಅಕ್ಕ."

"ಮತ್ತೆ ನೀನ್ಯಾಕೇ ಅಳ್ತಿದೀಯಾ?"

ಅದೇ ಅವಳಿಗೂ ಗೊತ್ತಿರಲಿಲ್ಲ...

ಪುಸ್ತಕವನ್ನಾದರೂ ಹಿಂದಿರುಗಿಸೋಣ, ಅದಕ್ಕೂ ಮೊದಲು ಓದಿ ಮುಗಿಸೋಣ ಎಂದು ಮರುದಿನ ಕೆಲಸದ ಮೇಜಿನ ಮೇಲೆ ಅದನ್ನು ತೆರೆದಳು. ಕೊನೆಯ ಅಧ್ಯಾಯಕ್ಕೆ ಬಂದಾಗ ಹಾಳೆಗಳು ಬಿಡಿಸಿಕೊಳ್ಳಲಿಲ್ಲ. ಅವಳ ಕೈ ಅಲ್ಲೇ ನಿಂತಿತು.

ಮುದ್ರಣದಿಂದ ಬಂದ ದೊಡ್ಡ ಹಾಳೆಗಳನ್ನು ಮಡಚಿ ಹೊಲಿದ ಮೇಲೆ ಅಂಚು ಕತ್ತರಿಸಬೇಕು. ಕತ್ತರಿಸುವಾಗ ಕೊನೆಯ ಮಡಿಕೆ ಒಳಗೆ ಸರಿದುಕೊಂಡು ತಪ್ಪಿಸಿಕೊಂಡಿತ್ತು. ಹಾಳೆಗಳು ಇನ್ನೂ ಜೋಡಿಯಾಗಿ ಅಂಟಿಕೊಂಡೇ ಇದ್ದವು. ಅವುಗಳೊಳಗೆ ಯಾರ ಕಣ್ಣೂ ಹಾಯ್ದಿರಲು ಸಾಧ್ಯವಿರಲಿಲ್ಲ.

'ಮೂರು ಸಲವಂತೆ, ಮೂರು ಸಲ!'

ಮೊದಲು ನಗು ಬಂತು. ಅದರ ಬೆನ್ನಿಗೇ ಸಿಟ್ಟು ಬಂತು. ಚಾಕುವಿನಿಂದ ಮಡಿಕೆಗಳನ್ನು ಬಿಡಿಸಿ ಓದಿದಳು. ಕೂಡಿಹಾಕಿದ್ದಕ್ಕೆ ನಾಯಕಿ ನಾಯಕನಿಗೆ ಧನ್ಯವಾದ ಹೇಳಿದಳು. ಕಥೆ ಮುಗಿಯಿತು. ಇಷ್ಟೇನಾ ಎನ್ನಿಸಿತು.

ಊಟದ ಬಿಡುವಿನಲ್ಲಿ ಅವಳು ಕೌಂಟರಿನ ಮುಂದೆ ಹೋಗಿ ನಿಂತಳು.

"ಈ ಪುಸ್ತಕ ನೀವು ಓದಿಲ್ಲ."

ಅವನು ತಲೆ ತಗ್ಗಿಸಿದ. "ನಾಲ್ಕು ಪುಟ ಓದಿದ್ದೆ ಅಷ್ಟೇ. ನಲವತ್ತು ಜನ ಕಾಯ್ತಿದಾರೆ, ಚೆನ್ನಾಗೇ ಇರತ್ತೆ ಅಂದ್ಕೊಂಡೆ. ಪ್ರೀತಿ ಬಗ್ಗೆ ನನಗೆ ಮಾತಾಡೋಕೆ ಬರಲ್ಲ, ಅದಕ್ಕೆ..."

"ಅದಕ್ಕೆ ಇಂಥದ್ದನ್ನ ಕೊಡೋದಾ?"

"ನೀವು ಬೇಡ ಅಂದ ದಿನ ಇಲ್ಲಿನ ಪ್ರತಿ ತಗೊಂಡು ಪೂರ್ತಿ ಓದಿದೆ. ನೀವು ನನ್ನನ್ನ ಎಂಥವನು ಅಂದ್ಕೊಂಡಿರ್ತೀರೋ ಅಂತ..."

"ಹಾಗಾದ್ರೆ ಬಂದು ಹೇಳ್ಬಹುದಿತ್ತಲ್ಲ! ನಾನು ಅಂಥವನಲ್ಲ ಅಂತ ಒಂದು ಮಾತು!"

"ನೀವು ಬೇಡ ಅಂದಿದ್ರಲ್ಲ."

ಅವನು ಅದನ್ನು ದೊಡ್ಡ ಮಾತೆಂದು ಹೇಳಲಿಲ್ಲ. ಬೇರೆ ಏನು ಮಾಡಲು ಸಾಧ್ಯವಿತ್ತು ಎನ್ನುವ ಹಾಗೆ ನೋಡಿದ. ಅವಳ ಕಣ್ಣು ತುಂಬಿತು. ಅವಳ ಒಂದು 'ಬೇಡ'ವನ್ನು ಅದು ಇದ್ದ ಹಾಗೇ ತೆಗೆದುಕೊಂಡ ಗಂಡಸು ಇವನೇ ಮೊದಲಿಗ.

"ಸುಳ್ಳು ಹೇಳಿದ್ದಕ್ಕೆ ನನಗೆ ಕೋಪ ಇದೆ," ಎಂದಳು.

"ಇರ್ಬೇಕಾದ್ದೇ."

"ಇನ್ಮೇಲೆ ಓದಿಲ್ಲ ಅಂದ್ರೆ ಓದಿಲ್ಲ ಅನ್ಬೇಕು."

"ಅಂತೀನಿ."

"ಆವತ್ತು ಕೇಳಿದ್ದನ್ನ... ಇನ್ನೊಂದ್ಸಲ ಕೇಳ್ತೀರಾ?"

ಅವನು ತಲೆಯೆತ್ತಿದ.

"ನನ್ನನ್ನ ಮದುವೆ ಆಗ್ತೀರಾ? ಬೇಡ ಅಂದ್ರೂ ನಾನು..."

"ಹೂಂ," ಎಂದಳು ಅವಳು. "ಬೇಡ ಅಂದಾಗ ಒಂದೇ ಮಾತಿಗೆ ನಂಬಿದ್ರಲ್ಲ? ಇದನ್ನೂ ಹಾಗೇ ನಂಬಿ."