ಎಂಟು ಗುರುವಾರ

"ರಾಕೆಟ್ ಎಲ್ಲಪ್ಪಾ?"

ಬಾಟಿಕ್ ಕಾರ್ಖಾನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಅಪರಿಚಿತನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಸುಮಿರಾ ಅಜ್ಜಿ ಕೇಳಿದ ಮೊದಲ ಮಾತು ಅದು. ಕೋಚ್ ಬರುತ್ತಾರೆ ಎಂದು ಯಜಮಾನಿ ಹೇಳಿದ್ದರು. ಕೋಚ್ ಎಂದರೆ ಬ್ಯಾಡ್ಮಿಂಟನ್ ಆಡಿಸುವವನು. ಪೆಕಲೋಂಗನ್ ಊರಿನಲ್ಲಿ ಬೇರೆ ಥರದ, ಮಾತಾಡಿಸಿ ಧೈರ್ಯ ತುಂಬುವ ಕೋಚ್ ಇರಬಹುದೆಂದು ಅಜ್ಜಿಗೆ ಯಾರೂ ಹೇಳಿರಲಿಲ್ಲ.

"ರಾಕೆಟ್ ತಂದಿಲ್ಲ ಅಜ್ಜಿ. ಬರೀ ಕಿವಿ ತಂದಿದೀನಿ," ಎಂದ ಅವನು.

ಮೇಣದ ಬಾಣಲೆಗಳ ಸುತ್ತ ಕೂತಿದ್ದ ಮೂವತ್ತೆರಡು ಹೆಂಗಸರೂ ಒಮ್ಮೆಗೇ ನಕ್ಕರು. ನಗದವಳು ವೆನಿಂಗ್ ಒಬ್ಬಳೇ. ಅವನು ಬಂದದ್ದು ಅವಳಿಗಾಗಿ.

ಬಿಸಿ ಮೇಣದಲ್ಲಿ ಬಟ್ಟೆಯ ಮೇಲೆ ಬಳ್ಳಿ ಎಳೆಯಲು ಕೂತರೆ ವೆನಿಂಗ್‌ಳ ಕೈಯನ್ನು ಮೀರಿಸುವ ಕೈ ಆ ಬೀದಿಯಲ್ಲೇ ಇರಲಿಲ್ಲ. ಅದಕ್ಕೇ ಅವಳನ್ನು ಮೇಲ್ವಿಚಾರಕಿ ಮಾಡಿದ್ದರು. ಆದರೆ ಕೈಗಿದ್ದ ಧೈರ್ಯ ಬಾಯಿಗಿರಲಿಲ್ಲ. ಅಜ್ಜಿಯರು ಕೆಡಿಸಿದ ಬಟ್ಟೆಗಳನ್ನು, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ತಾನೇ ಗುಟ್ಟಾಗಿ ತಿದ್ದುತ್ತಿದ್ದಳು.

ಯಜಮಾನಿ ಮುನಾವರಾ ಕಡ್ಡಿ ಮುರಿದಂತೆ ಹೇಳಿದ್ದರು: "ಎಂಟು ಗುರುವಾರ ಕೋಚ್ ಜೊತೆ ಕೂತು ಮಾತಾಡು. ಆಮೇಲೆ ನೀನೇ ಬಂದು ಹೇಳು, ನಿನ್ನ ಕೈಲಿ ಆಗುತ್ತೋ ಇಲ್ವೋ ಅಂತ. ಇನ್ನೂ ಆಗಲ್ಲ ಅಂದ್ರೆ ಮತ್ತೆ ನಾಲ್ಕು ಗುರುವಾರ ಕೊಡಿಸ್ತೀನಿ. ಆದ್ರೆ ಅಷ್ಟರಲ್ಲಿ ನನ್ನ ತಂಗಿ ಮಗ ಜಕಾರ್ತದಿಂದ ಬಂದು ಆ ಕುರ್ಚೀಲಿ ಕೂರ್ತಾನೆ."

ತಂಗಿಯ ಮಗನಿಗೆ ಪ್ರಿಂಟಿಂಗ್ ಮೆಷಿನ್ ಹುಚ್ಚು. ಮೆಷಿನ್ ಬಂದರೆ ಈ ಮೂವತ್ತೆರಡು ಜನ ಮನೆಗೆ ಹೋಗಬೇಕು. ಅದು ಎಲ್ಲರಿಗೂ ಗೊತ್ತಿತ್ತು.

ಹಿತ್ತಲಲ್ಲಿ, ಒಣಗಲು ಹಾಕಿದ ನೀಲಿ ಬಟ್ಟೆಗಳ ನಡುವೆ, ಎರಡು ಬಿದಿರಿನ ಸ್ಟೂಲು. ಎರಡು ಲೋಟ ಶುಂಠಿ ಟೀ. ಅವನ ಹೆಸರು ಜಾತ್ಮಿಕೊ. ಸೆಮಾರಾಂಗ್‌ನಿಂದ ಮಧ್ಯಾಹ್ನದ ರೈಲಿಗೆ ಬಂದಿದ್ದ.

"ಏನು ಕಲಿಸ್ತೀರಿ ಸರ್?"

"ಏನೂ ಇಲ್ಲ. ಕೇಳ್ತೀನಿ."

"ಬರೀ ಕೇಳೋಕೆ ಸಂಬಳಾನಾ?"

"ಉತ್ತರ ಹೇಳೋರು ನಿಮ್ಮ ಬೀದಿ ತುಂಬ ಇದಾರಲ್ಲ, ಇನ್ನೊಬ್ಬ ಯಾಕೆ?" ಪ್ರಶ್ನೆ ಬರುವ ಮುನ್ನ ಅವನ ಎಡ ಹುಬ್ಬು ಕೊಂಚ ಮೇಲೇಳುತ್ತಿತ್ತು. "ಸುಮಿರಾ ಅಜ್ಜಿ ಬಟ್ಟೆ ಕೆಡಿಸಿದಾಗ ನೀವು ಸುಮ್ಮನಿರೋದು ಯಾರಿಗೋಸ್ಕರ?"

"ಅವರಿಗೆ ನೋವಾಗಬಾರದು ಅಂತ."

ಅವನು ತಲೆದೂಗಲಿಲ್ಲ, ಅಲ್ಲ ಎನ್ನಲೂ ಇಲ್ಲ. ಟೀ ಗುಟುಕರಿಸಿದ. ಗಾಳಿಗೆ ಬಟ್ಟೆಯೊಂದು ಉಬ್ಬಿತು, ಇಳಿಯಿತು. ಆ ಮೌನ ಎಷ್ಟು ಉದ್ದವಾಯಿತೆಂದರೆ, ಅದರೊಳಗಿಂದ ಇನ್ಯಾರೋ ಮಾತಾಡಿದ ಹಾಗೆ ವೆನಿಂಗ್‌ಗೆ ತನ್ನದೇ ದನಿ ಕೇಳಿಸಿತು.

"ಇಲ್ಲ... ಅವರು ನನ್ನ ಮೇಲೆ ಮುನಿಸ್ಕೋಬಾರದು ಅಂತ."

ಹೇಳಿ ಬೆಚ್ಚಿದಳು. ಇಪ್ಪತ್ತೆಂಟು ವರ್ಷದಲ್ಲಿ ಯಾರೂ ಅವಳ ಮಾತಿಗಾಗಿ ಅಷ್ಟು ಹೊತ್ತು ಸುಮ್ಮನೆ ಕೂತಿರಲಿಲ್ಲ.

ಆಮೇಲೆ ವಾರದಲ್ಲಿ ಒಂದೇ ದಿನ ಉಳಿಯಿತು. ಮಿಕ್ಕ ಆರು ದಿನ ಆ ದಿನಕ್ಕೆ ಹೋಗುವ ದಾರಿ.

ಗುರುವಾರ ಬಂತೆಂದರೆ ಅವಳ ಬೂದು ತಲೆವಸ್ತ್ರ ಪೆಟ್ಟಿಗೆ ಸೇರುತ್ತಿತ್ತು, ನೇರಳೆಯದು ಹೊರಬರುತ್ತಿತ್ತು. ಎಳೆ ಹಲಸನ್ನು ತೆಂಗಿನ ತುರಿಯಲ್ಲಿ ಬೇಯಿಸಿ, ಅನ್ನದ ಜೊತೆ ಬಾಳೆಲೆಯಲ್ಲಿ ಕಟ್ಟಿ ತರುತ್ತಿದ್ದಳು. ಮೂರು ಗಂಟೆಗೆ ಸೈಕಲ್ ರಿಕ್ಷಾದ ಗಂಟೆ ಕೇಳಿದರೆ ಸಾಕು, ಮೇಣದ ಗೆರೆ ನಡುಗುತ್ತಿತ್ತು.

"ನಿಂಗ್, ಅದು ಬಳ್ಳೀನಾ, ಹಾವಾ?" ಎಂದು ಸುಮಿರಾ ಅಜ್ಜಿ ವೆನಿಂಗ್‌ಳನ್ನು ಕೆಣಕುತ್ತಿದ್ದಳು. "ನಂಗೇ ಕಣ್ಣು ಮಂಜು ಅಂದ್ಕೊಂಡಿದ್ದೆ."

ಐದನೇ ಗುರುವಾರ ಜಾತ್ಮಿಕೊ ಟವೆಲ್ಲನ್ನು ತಲೆಗೆ ಹೊದ್ದು ಬೆನ್ನು ಬಗ್ಗಿಸಿ ಕೂತ. "ನಾನೇ ಸುಮಿರಾ ಅಜ್ಜಿ. ಹೇಳಬೇಕಾದ್ದನ್ನ ನಂಗೆ ಹೇಳು ಮಗಳೇ."

"ಮೀಸೆ ಇರೋ ಅಜ್ಜಿಗೆ ಹೇಗೆ ಹೇಳಲಿ?"

"ವಯಸ್ಸಾದ ಮೇಲೆ ಬಂತು. ನೀನು ಹೇಳು."

ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ತಲೆ ಎತ್ತಿದಾಗ ಟವೆಲ್ಲಿನ ನೆರಳಿನಿಂದ ಅವನು ನೋಡುತ್ತಿದ್ದ; ಅಜ್ಜಿಯ ಹಾಗಲ್ಲ, ಕೋಚ್ ಹಾಗೂ ಅಲ್ಲ. ಇಬ್ಬರೂ ಒಟ್ಟಿಗೇ ಟೀ ಲೋಟಕ್ಕೆ ಕೈ ಹಾಕಿದರು. ಆಮೇಲೆ ಅವಳು ಹೇಳಬೇಕಾದ್ದನ್ನೆಲ್ಲ, ಒಂದು ಸಲವೂ ತಡವರಿಸದೆ, ಹೇಳಿ ಮುಗಿಸಿದಳು.

ಮುಂದಿನ ಮಂಗಳವಾರ ನಿಜವಾದ ಅಜ್ಜಿಯ ಪಕ್ಕ ಕೂತಳು. "ಅಜ್ಜಿ, ಈ ತಿಂಗಳು ನಿಮ್ಮ ಮೂರು ಬಟ್ಟೆ ಕೆಟ್ಟಿವೆ. ಇನ್ನು ಸಣ್ಣ ಚುಕ್ಕಿ ಕೆಲಸ ನಿಮಗೆ ಕೊಡಲ್ಲ. ಹೊಸಾ ಹುಡುಗೀರು ನಾಲ್ಕು ಜನ ಇದಾರೆ, ಅವರಿಗೆ ಕಲಿಸಿ."

ಅಜ್ಜಿ ಮೇಣದ ಲೇಖನಿ ಕೆಳಗಿಟ್ಟಳು. ಬಹಳ ಹೊತ್ತು ಮಾತಿಲ್ಲ. ವೆನಿಂಗ್ ಆ ಮೌನವನ್ನು ತುಂಬಲು ಹೋಗಲಿಲ್ಲ.

"ಕಣ್ಣು ಮಂಜಾಗಿ ಎರಡು ವರ್ಷ ಆಯ್ತು ಮಗಳೇ. ಯಾರಾದ್ರೂ ಬಾಯಿಬಿಟ್ಟು ಹೇಳ್ತಾರಾ ಅಂತ ನೋಡ್ತಿದ್ದೆ."

ಅಂದು ವೆನಿಂಗ್ ಮನೆಗೆ ನಡೆಯಲಿಲ್ಲ, ತೇಲಿದಳು. ಅರ್ಧ ದಾರಿಯಲ್ಲಿ ಕಾಲು ನೆಲಕ್ಕೆ ತಾಗಿತು. ಇದನ್ನು ಅವನಿಗೆ ಹೇಳಿದರೆ, ಅವನು ಬರಲು ಇನ್ನೇನು ಉಳಿಯಿತು?

ಆರನೇ ಗುರುವಾರ ಸುಳ್ಳು ಹೇಳಿದಳು. "ಅಜ್ಜಿ ಹತ್ರ ಮಾತಾಡೋಕೆ ಆಗಲೇ ಇಲ್ಲ ಸರ್."

ಅವನು ಒಂದು ಗಂಟೆ ತಾಳ್ಮೆಯಿಂದ ಕೇಳಿದ. ಏನು ತಡೆಯಿತು, ಎಲ್ಲಿ ತಡೆಯಿತು, ಎದೆಯಲ್ಲೋ ಗಂಟಲಲ್ಲೋ. ಅವಳು ಅವನ ಹುಬ್ಬು ನೋಡುತ್ತ ಒಂದೊಂದಕ್ಕೂ ಉತ್ತರ ಕಟ್ಟಿದಳು. ಹೊರಟವನನ್ನು ಬಾಗಿಲಲ್ಲಿ ಸುಮಿರಾ ಅಜ್ಜಿ ಹಿಡಿದು ನಿಲ್ಲಿಸಿದಳು.

"ತಮ್ಮಾ, ನಿನ್ನ ಶಿಷ್ಯೆ ಮೊನ್ನೆ ಮಂಗಳವಾರ ನನ್ನನ್ನೇ ಟೀಚರ್ ಮಾಡಿಬಿಟ್ಲು! ಎಂಥಾ ಮಾತಾಡಿದ್ಲು ಅಂತೀಯಾ, ಮುಖ ನೋಡಿಕೊಂಡೇ ಹೇಳಿದ್ಲು."

ಜಾತ್ಮಿಕೊ ನಿಧಾನವಾಗಿ ತಿರುಗಿದ. ಅಂಗಳದ ಆಚೆ ವೆನಿಂಗ್‌ಳ ಮುಖ ಅವಳ ತಲೆವಸ್ತ್ರಕ್ಕಿಂತ ಗಾಢವಾಯಿತು. ಅವನು ಏನೂ ಕೇಳದೆ ಹೋದ. ಆ ಒಂದು ವಾರ ಅವಳಿಗೆ ಊಟ ರುಚಿಸಲಿಲ್ಲ.

ಏಳನೇ ಗುರುವಾರ ಅವನು ಬಂದ. ಸ್ಟೂಲಿನ ಮೇಲೆ ಕೂರಲಿಲ್ಲ.

"ಯಾಕೆ ಸುಳ್ಳು ಹೇಳಿದ್ರಿ ಅಂತ ಕೇಳಲ್ಲ," ಎಂದ. "ಕೇಳಿ, ನೀವು ಉತ್ತರ ಹೇಳಿಬಿಟ್ರೆ, ಆಮೇಲೆ ನಾನಿಲ್ಲಿ ಕೋಚ್ ಆಗಿ ಕೂರೋ ಹಾಗಿಲ್ಲ."

ವೆನಿಂಗ್ ನೆಲ ನೋಡಿದಳು.

"ತಪ್ಪು ನಿಮ್ಮೊಬ್ಬರದೇ ಅಲ್ಲ. ಐದನೇ ವಾರಾನೇ ನಿಮಗೆ ನನ್ನ ಅಗತ್ಯ ಮುಗೀತು. ಆವತ್ತೇ ಹೇಳಬೇಕಿತ್ತು. ಹೇಳಲಿಲ್ಲ."

"ಯಾಕೆ?"

"ಪ್ರಶ್ನೆ ಕೇಳೋದು ನನ್ನ ಕೆಲಸ," ಎಂದು ನಗಲು ನೋಡಿದ, ಆಗಲಿಲ್ಲ.

"ಮುನಾವರಾ ಅಮ್ಮನ್ನ ಇನ್ನೂ ನಾಲ್ಕು ಗುರುವಾರ ಕೇಳಬಹುದು ನಾನು."

"ಕೇಳಬಹುದು."

"ಕೇಳಲಾ?"

ಬೇಡ ಎನ್ನಲು ಅವನಿಗೆ ಮನಸ್ಸಿಲ್ಲ, ಬೇಕು ಎನ್ನಲು ಹಕ್ಕಿಲ್ಲ. ಅದು ಅವಳಿಗೆ ಕಾಣುತ್ತಿತ್ತು. ಒಳಗೆ ಸುಮಿರಾ ಅಜ್ಜಿ ಹುಡುಗಿಯೊಬ್ಬಳ ಮಣಿಕಟ್ಟು ಹಿಡಿದು "ಉಸಿರು ಬಿಡು, ಆಮೇಲೆ ಗೆರೆ ಎಳಿ" ಎನ್ನುತ್ತಿದ್ದಳು. ನಾಲ್ಕು ಗುರುವಾರಕ್ಕಾಗಿ ಆ ದನಿಯನ್ನು ಮೆಷಿನ್‌ಗೆ ಕೊಟ್ಟುಬಿಡುವುದು ಹೇಗೆ? ವೆನಿಂಗ್ ಎದ್ದಳು. ಯಜಮಾನಿಯ ಕೋಣೆಗೆ ಹೋಗುವ ಹದಿನೈದು ಹೆಜ್ಜೆ ಅವಳು ನಡೆದ ಅತಿ ಉದ್ದದ ದಾರಿ.

"ನನ್ನ ಕೈಲಿ ಆಗುತ್ತೆ ಅಮ್ಮ. ಮೆಷಿನ್ ಬೇಡ, ನಿಮ್ಮ ತಂಗಿ ಮಗಾನೂ ಬೇಡ. ಎಂಟನೇ ಗುರುವಾರ ಕೂಡ ಬೇಡ."

ಮುನಾವರಾ ಕನ್ನಡಕ ತೆಗೆದು ಅವಳನ್ನು ನೋಡಿದರು. "ಇಷ್ಟು ಜೋರಾಗಿ ಮಾತಾಡೋಕೆ ಬರುತ್ತೆ ಅಂತ ಮೊದಲೇ ಗೊತ್ತಿದ್ದಿದ್ರೆ!" ಎಂದು ನಕ್ಕರು.

ಬೀದಿಯಲ್ಲಿ ಸೈಕಲ್ ರಿಕ್ಷಾ ನಿಂತಿತ್ತು. ಜಾತ್ಮಿಕೊ ಹತ್ತಿ ಕೂತವನು, ಅವಳು ಬಂದದ್ದು ನೋಡಿ ಇಳಿದ.

"ಮುಗಿಸಿ ಬಂದೆ," ಎಂದಳು.

"ಗೊತ್ತಾಯ್ತು. ನಿಮ್ಮ ದನಿ ಇಲ್ಲಿವರೆಗೂ ಬಂತು." ಸ್ವಲ್ಪ ತಡೆದು ಹೇಳಿದ, "ನನಗೆ ಈ ಕೆಲಸ ಕಲಿಸಿದವರು ಒಂದು ಕಟ್ಟುಪಾಡು ಹಾಕಿದಾರೆ. ಮುಗಿದ ಮೇಲೂ ಆರು ತಿಂಗಳು ಫೋನಿಲ್ಲ, ಮೆಸೇಜಿಲ್ಲ, ಭೇಟಿ ಇಲ್ಲ. ನಮ್ಮ ಹತ್ರ ಮನಸ್ಸು ಬಿಚ್ಚಿದವರು, ನಾವಿಲ್ಲದಾಗ ಏನು ಬಯಸ್ತಾರೆ ಅಂತ ಅವರಿಗೇ ಗೊತ್ತಾಗಬೇಕಂತೆ."

"ಆರು ತಿಂಗಳಿಗೆ ರಂಜಾನ್ ಹಬ್ಬ ಆಗಷ್ಟೇ ಕಳೆದಿರುತ್ತೆ. ಹಬ್ಬ ಆಗಿ ವಾರಕ್ಕೆ ನಮ್ಮೂರಲ್ಲಿ ಆಳೆತ್ತರದ ಲೋಪಿಸ್ ಅನ್ನೋ ಸಿಹಿ ಕಡುಬು ಕತ್ತರಿಸಿ ಊರಿಗೆಲ್ಲ ಹಂಚ್ತಾರೆ."

"ಕೇಳಿದೀನಿ. ಬರಲಾ, ತಿನ್ನೋಕೆ?"

ವೆನಿಂಗ್ ಅವನ ಕಣ್ಣಲ್ಲಿ ಕಣ್ಣಿಟ್ಟಳು. "ಕಡುಬು ತಿನ್ನೋಕೆ ಆದ್ರೆ ಒಬ್ಬರೇ ಬನ್ನಿ. ಬೇರೆ ಏನಕ್ಕಾದ್ರೂ ಆದ್ರೆ, ನಿಮ್ಮಮ್ಮನ್ನ ಕರ್ಕೊಂಡು ಬನ್ನಿ."

ರಿಕ್ಷಾದವನು ಪೆಡಲ್ ಮೇಲಿಟ್ಟ ಕಾಲನ್ನು ಹಾಗೇ ನಿಲ್ಲಿಸಿ ಇಬ್ಬರನ್ನೂ ನೋಡಿದ. ಜಾತ್ಮಿಕೊ ಹತ್ತಿ ಕೂತ. ರಿಕ್ಷಾ ಮಸೀದಿಯ ತಿರುವಿಗೆ ಹೋದಾಗ ಅರ್ಧ ಎದ್ದು ನಿಂತು ಹಿಂದಕ್ಕೆ ಕೂಗಿದ:

"ನಮ್ಮಮ್ಮಂಗೆ ಸಿಹಿ ಅಂದ್ರೆ ಪ್ರಾಣ!"

ಬೀದಿಗೆ ಬೀದಿಯೇ ತಿರುಗಿ ನೋಡಿತು. ಒಳಗಿನಿಂದ ಯಾರೋ "ನಿಂಗ್, ಈ ಅಂಚು ನೋಡು ಬಾ" ಎಂದು ಕರೆದರು. ಬಂದೆ ಎಂದಳು, ಆದರೂ ಒಂದಿಷ್ಟು ಹೊತ್ತು ಅಲ್ಲೇ ನಿಂತಳು. ಆರು ತಿಂಗಳೆಂದರೆ ಇಪ್ಪತ್ತಾರು ಗುರುವಾರ. ಒಂದರಲ್ಲೂ ಮೂರಕ್ಕೆ ಆ ರಿಕ್ಷಾದ ಗಂಟೆ ಕೇಳುವುದಿಲ್ಲ.