ಎದುರುಬದುರು ಕೂತ ಎರಡು ಕೈ

“ನಿಲ್ಲಿಸು, ನಿಲ್ಲಿಸು. ಪಾಪ, ನಿನ್ನ ಎಡಗೈ ಬಲಗೈ ಹಿಂದೆ ಬಾಲದ ಹಾಗೆ ಓಡ್ತಾ ಇದೆ,” ಅಂದರು ಅಜ್ಜ.

ನಬ್ಬೋಸ ಪಿಯಾನೋದಿಂದ ಕೈ ತೆಗೆದಳು. ಶನಿವಾರ ಸ್ಕೂಲಿನ ಕಾನ್ಸರ್ಟು. ಅಜ್ಜ ಬರೆದ ಪೀಸನ್ನು ಸ್ಟೇಜಿನ ಮೇಲೆ ತಾನೊಬ್ಬಳೇ ನುಡಿಸುತ್ತೇನೆಂದು ಕ್ಲಾಸಿಗೆಲ್ಲ ಹೇಳಿಕೊಂಡು ಬಂದಿದ್ದಳು. ನಾಳೆಯೂ ತಪ್ಪಿದರೆ ಬೇರೆ ಸುಲಭದ್ದು ಕೊಡುತ್ತೇನೆ ಅಂದಿದ್ದರು ಮಿಸ್.

“ಮಿಸ್ ಹೇಳಿಕೊಟ್ಟ ಹಾಗೇ ಎಣಿಸ್ತಾ ಇದೀನಿ ಅಜ್ಜಾ. ಬಲಗೈಗೆ ಒನ್, ಟೂ. ಎಡಗೈ ಅದರ ಮಧ್ಯೆ.”

“ಅಲ್ಲೇ ಎಡವಟ್ಟಾಗಿರೋದು. ಎಡಗೈಗೂ ಅದರದೇ ಒನ್, ಟೂ ಇದೆ. ಅದೇನು ಬಲಗೈಯ ಆಳೇ?”

ಅಜ್ಜ ಕಿಟಕಿಯಾಚೆ ನೋಡಿದರು.

“ನಮ್ಮೂರು ಮಸಾಕಾದಲ್ಲಿ, ಮನೆ ಅಂಗಳದಲ್ಲಿ ಎರಡು ಬಾಳೆದಿಂಡು ಮಲಗಿಸಿ, ಮೇಲೆ ಅಮಡಿಂಡ ವಾದ್ಯದ ಮರದ ಪಟ್ಟಿ ಜೋಡಿಸಿ, ಕೋಲಲ್ಲಿ ಬಾರಿಸ್ತಿದ್ವಿ. ಈಚೆ ನಾನು, ಆಚೆ ನಮ್ಮಣ್ಣ ಕಗ್ಗ್ವಾ. ನಾನು ಶುರು ಮಾಡ್ತಿದ್ದೆ, ನನ್ನ ಏಟಿನ ಸಂದಿಯಲ್ಲಿ ಅವನದು. ಅವನ ಕೈ ನೋಡಿದೆನೋ, ಕೆಟ್ಟೆ. ‘ನಿನ್ನದು ನೀನು ನುಡಿಸೋ ಮಂಗ’ ಅಂತ ಕೋಲಲ್ಲೇ ತಲೆಗೆ ಮೊಟಕ್ತಿದ್ದ.”

ಅಜ್ಜ ನಗುತ್ತಾ ತಲೆ ಸವರಿಕೊಂಡರು. “ಸರ್ಕೋ, ತೋರಿಸ್ತೀನಿ.”

ಎಡಗಡೆ ಅಜ್ಜ ಕೂತರು. ಬಲಗೈಯದನ್ನು ಮಾತ್ರ ನಬ್ಬೋಸ ನುಡಿಸಿದಳು. ಮೊದಲು ಎಲ್ಲ ಕಲಸುಮೇಲೋಗರ. ಅಜ್ಜನ ಕೈ ನೋಡುವುದು ಬಿಟ್ಟಾಗ, ಅವಳೂ ನುಡಿಸದ, ಅಜ್ಜನೂ ನುಡಿಸದ ಒಂದು ಹಾಡು ನಡುವಿನಿಂದ ಎದ್ದು ಬಂತು. ಅವಳಿಗೆ ಮೈ ಜುಂ ಎಂದಿತು.

“ಅಜ್ಜಾ, ಇಬ್ಬರು ನುಡಿಸೋದನ್ನ ಒಬ್ಬರಿಗೆ ಯಾಕೆ ಬರೆದ್ರಿ?”

“ಪಿಯಾನೋ ಕಲಿಯೋಕೆ ನಾನು ದೇಶ ಬಿಟ್ಟು ಹೋಗಿದ್ದೆನಲ್ಲ. ವಾಪಸ್ ಬರೋ ಹೊತ್ತಿಗೆ ಅಣ್ಣ ತೀರಿಕೊಂಡಿದ್ದ. ಎದುರಿಗೆ ಕೂರೋಕೆ ಯಾರಿದ್ರು ಹೇಳು? ಅವನನ್ನ ಎಡಗೈಲಿ ಕೂರಿಸ್ಕೊಂಡೆ.”

ನಬ್ಬೋಸ ಮತ್ತೆ ಎರಡೂ ಕೈ ಪಿಯಾನೋ ಮೇಲಿಟ್ಟಳು. ಅಮ್ಮ ಸುಟ್ಟ ಬಾಳೆಹಣ್ಣು ತಿನ್ನಲು ಕರೆದರೂ ಏಳದೆ ನುಡಿಸಿದಳು. ಸಂಜೆಯೊಳಗೆ ಒಬ್ಬಳಿಗೇ ಪೂರ್ತಿ ಬಂತು.

“ಶಭಾಷ್. ಶನಿವಾರ ಸ್ಟೇಜೆಲ್ಲ ನಿನ್ನದೇ,” ಅಂದರು ಅಜ್ಜ.

ಅವಳು ಅಜ್ಜನ ಕಡೆ ತಿರುಗಿದಳು.

“ಅಜ್ಜಾ, ನಿಮ್ಮ ಬಿಳಿ ನಿಲುವಂಗಿ ಇಸ್ತ್ರಿ ಆಗಿದೆಯಾ?”

“ಯಾಕಮ್ಮಾ?”

“ನೀವೂ ಬರ್ಬೇಕು ಸ್ಟೇಜಿಗೆ. ಮಿಸ್‌ಗೆ ನಾನು ಹೇಳ್ತೀನಿ. ನೀವು ನಿಮ್ಮದು ನುಡಿಸಿ, ನಾನು ಎಡಗಡೆ ಕೂರ್ತೀನಿ.”

ಅಜ್ಜ ಕನ್ನಡಕ ತೆಗೆದು ಒರೆಸಿದರು. ಆಮೇಲೆ ಬಂದು, ಅವಳ ಬಲಕ್ಕೆ ಕೂತರು.